ಗಾಳಿ ಯಾವ ಕಡೆ

ಸೊಹಾರ್ ಬಂದರಿನ ಮೂರನೇ ಗೇಟಿನೊಳಗೆ
ತಗಡಿನ ಕ್ಯಾಬಿನ್ನು, ಅದೇ ನನ್ನ ತರಗತಿ.
ಎರಡು ಏಸಿ: ಒಂದು ಗೊರಕೆ ಹೊಡೆಯುತ್ತದೆ,
ಇನ್ನೊಂದು ಬೆವರುತ್ತದೆ.
ನಲವತ್ತು ಕುರ್ಚಿ, ಐದು ಭಾಷೆ, ಅರವತ್ತನಾಲ್ಕು ಸ್ಲೈಡು.

ಹನ್ನೊಂದನೆಯದರಲ್ಲಿ ಅನಿಲ, ಅದರ ಸೂತ್ರ, ಅದರ ತೂಕ.
ಇಪ್ಪತ್ತೆಂಟರಲ್ಲಿ ಕಲಮು ಕಲಮಾಗಿ ಕಾನೂನು.
ಐವತ್ತಕ್ಕೆ ಬರುವಷ್ಟರಲ್ಲಿ
ರಾತ್ರಿ ಪಾಳಿ ಮುಗಿಸಿ ಬಂದವರ ಕತ್ತು
ತೆನೆ ಬಲಿತ ಜೋಳದ ಹಾಗೆ ಬಾಗಿರುತ್ತಿತ್ತು.
ನಾನು ಮಾತ್ರ ಎಚ್ಚರ. ನನ್ನ ದನಿಗೆ ನಾನೇ ವಿದ್ಯಾರ್ಥಿ.

ಕೊನೆಗೆ ಪರೀಕ್ಷೆ. ಹತ್ತು ಪ್ರಶ್ನೆ, ಗುರುತು ಹಾಕಿದರಾಯಿತು.
ಬಿ, ಎ, ಸಿ, ಸಿ, ಬಿ...
ಹಿಂದಿನ ತಂಡ ಮುಂದಿನ ತಂಡಕ್ಕೆ ಬಸ್ಸಿನಲ್ಲೇ
ಬಾಯಿಪಾಠ ಮಾಡಿಸಿರುತ್ತಿತ್ತು, ಮಗ್ಗಿಯಂತೆ.
ಎಲ್ಲರಿಗೂ ನೂರಕ್ಕೆ ನೂರು.
ಮಸ್ಕತ್ತಿನ ಕಚೇರಿಯಿಂದ ನನಗೊಂದು ಫಲಕ ಬಂತು, ಗಾಜಿನದು.

ನಪಾಸಾದವನು ಒಬ್ಬನೇ, ಮೊಖ್ಲೆಸುರ್.
ಭೋಲಾ ದ್ವೀಪದವನು, ಓದು ಬರದು,
ಬಸ್ಸಿನಲ್ಲಿ ಹೇಳಿಕೊಟ್ಟದ್ದನ್ನೂ ಕಲಿಯಲಿಲ್ಲ.
'ಮತ್ತೆ ತರಬೇತಿ ಬೇಕು' ಎಂದು ಷರಾ ಬರೆದೆ,
ಕೆಂಪು ಶಾಯಿಯಲ್ಲಿ.

ಆ ಮಂಗಳವಾರ ಹತ್ತೂ ಇಪ್ಪತ್ತಕ್ಕೆ
ನಾಲ್ಕನೇ ಟ್ಯಾಂಕಿನ ಬಳಿ ಸೈರನ್ ಕೂಗಿತು.
ನೂರಕ್ಕೆ ನೂರು ಪಡೆದವರೆಲ್ಲ
ದಿನವೂ ಬಸ್ಸು ನಿಲ್ಲುವ ನೆರಳಿಗೆ ಓಡಿದರು.
ಗಾಳಿಯೂ ಅತ್ತಲೇ ಹೋಗುತ್ತಿತ್ತು.
ನಾನು? ನಾನೂ ಅವರ ಹಿಂದೆಯೇ,
ಗಾಜಿನ ಫಲಕ ಸಿಕ್ಕವನು.

ಎದುರಿಗೆ ನಿಂತವನು ಅವನೊಬ್ಬ,
ಎರಡೂ ಕೈ ಚಾಚಿ, ಬೆದರಿದ ದನ ತಿರುಗಿಸುವವನ ಹಾಗೆ:
"ಉಲ್ಟಾ, ಉಲ್ಟಾ!"

ಹೆಚ್ಚೇನೂ ಸೋರಿರಲಿಲ್ಲ. ಒಂದು ಗ್ಯಾಸ್ಕೆಟ್ಟು, ಅಷ್ಟೇ.
ಇಬ್ಬರಿಗೆ ವಾಂತಿ, ಒಬ್ಬನಿಗೆ ಎರಡು ದಿನ ಆಸ್ಪತ್ರೆ.
ವರದಿಯಲ್ಲಿ ಒಂದೂವರೆ ಸಾಲು.

ಮರುದಿನ ಕೇಳಿದೆ: ನಿನಗೆ ಹೇಗೆ ಗೊತ್ತಾಯಿತು?
ಕಂಬದ ತುದಿಯ ಗಾಳಿಚೀಲ ನೋಡಿದೆಯಾ,
ಮೂವತ್ತೊಂದನೇ ಸ್ಲೈಡಿನದು?
ಅವನು ಗೋಡೆಯಾಚೆ ಬೆರಳು ತೋರಿದ.
ಅಲೆತಡೆಯ ಕಲ್ಲುಗಳ ಮೇಲೆ ಕಡಲಹಕ್ಕಿಗಳು,
ಇನ್ನೂರಿರಬಹುದು,
ಎಲ್ಲದರ ಕೊಕ್ಕೂ ಒಂದೇ ದಿಕ್ಕಿಗೆ.
"ಗಾಳಿಗೆ ಬೆನ್ನು ಕೊಟ್ಟರೆ ಪುಕ್ಕ ಕೆದರುತ್ತೆ, ಮಾಸ್ಟರ್.
ಅವಕ್ಕೆ ಯಾರು ಹೇಳಿಕೊಡಬೇಕು?"

ಭದ್ರಾವತಿಯಲ್ಲಿ ನಾನು ಅಪ್ರೆಂಟಿಸ್ ಆಗಿದ್ದಾಗ
ವೀರಭದ್ರಾಚಾರ್ರು ಸ್ಕ್ರೂಡ್ರೈವರಿನ ಮೊನೆಯನ್ನು ಬೇರಿಂಗಿಗೂ
ಹಿಡಿಯನ್ನು ನನ್ನ ಕಿವಿಗೂ ಒತ್ತಿ ಹಿಡಿದು
ಒಂದು ಮಾತೂ ಆಡದೆ ಕಾಯುತ್ತಿದ್ದರು,
ಸವೆದ ಗುಂಡೊಂದು ಕರಕರ ಎನ್ನುವವರೆಗೆ.
ಅದನ್ನು ಮರೆತೇ ಅಲ್ಲವೇ ನಾನು ಮಾಸ್ಟರ್ ಆದದ್ದು.

ಈಗ ತರಗತಿ ಬೆಳಗಿನ ಐದಕ್ಕೆ, ಬಯಲಲ್ಲಿ.
ಹಳೆಯ ಕಂಟೇನರಿಗೆ ಪ್ಲೈವುಡ್ಡು ಹೊಡೆದು
ಟ್ಯಾಂಕಿನ ಬಾಯಿಯಷ್ಟೇ ತೂತು ಕೊರೆದಿದ್ದೇವೆ.
ಕಣ್ಣಿಗೆ ಬಟ್ಟೆ. ಹಗ್ಗ ಹಿಡಿದು ಒಳಗೆ, ಹಗ್ಗ ಹಿಡಿದು ಹೊರಗೆ.
ಹೊರಗೆ ಕೂತವನ ಕೆಲಸ
ಒಳಗಿರುವವರ ಹೆಸರು ಕೂಗುತ್ತಲೇ ಇರುವುದು:
ದಿಲ್‌ಬಹಾದುರ್, ಷಣ್ಮುಗವೇಲ್, ಯೂಸುಫ್ ಬಲೂಶಿ.
ಉತ್ತರ ಬಾರದಿದ್ದರೆ ಗಂಟೆ ಬಾರಿಸುವುದು,
ತಾನು ಒಳಗೆ ನುಗ್ಗದಿರುವುದು.
ಇದೇ ಕಷ್ಟ. ಎಲ್ಲರೂ ನುಗ್ಗುತ್ತಾರೆ.
ಷಣ್ಮುಗವೇಲ್ ಐದು ಸಲ ನುಗ್ಗಿದ. ಆರನೇ ಸಲ
ತನ್ನ ಕೈಯನ್ನು ತಾನೇ ಬಿಗಿಯಾಗಿ ಹಿಡಿದುಕೊಂಡು
ಗಂಟೆಯ ಪಕ್ಕ ನಿಂತು ಅತ್ತ.
ಪಾಸು ಎಂದು ಬರೆದೆ.

ಎಚ್‌ಆರ್‌ನಿಂದ ನಮೂನೆ ಬಂದಿದೆ.
ಬೋಧಕರ ಹೆಸರು: ಮೊಖ್ಲೆಸುರ್ ರಹಮಾನ್.
ವಿದ್ಯಾರ್ಹತೆ:
ಆ ಚೌಕ ಎರಡು ವಾರದಿಂದ ಖಾಲಿ.
ಅವನಿಗಿನ್ನೂ ಹೆಲ್ಪರ್ ಸಂಬಳವೇ.
ಅದಕ್ಕೂ ಅರ್ಜಿ ಹಾಕಿದ್ದೇನೆ, ಮಸ್ಕತ್ತು ಉಸಿರೆತ್ತಿಲ್ಲ.

ನಿನ್ನೆ ಶುಕ್ರವಾರ. ಮೀನುಪೇಟೆಯ ಎದುರು
ಕಾರು ನಿಲ್ಲಿಸಿ ಚಹಾ ತರಿಸಿಕೊಂಡೆ.
ಗೊತ್ತಿಲ್ಲದೆಯೇ ಹಕ್ಕಿಗಳ ಕೊಕ್ಕು ನೋಡಿದೆ,
ಆಮೇಲೆ ಕುರ್ಚಿ ತಿರುಗಿಸಿ ಕೂತೆ.