ಕೌಂಟರಿನ ಈಚೆ

ಕಂಕನಾಡಿಯ ಮೆಡಿಕಲ್ಲಿನಲ್ಲಿ ಹದಿನಾಲ್ಕು ವರ್ಷದಿಂದ
ಮಾತ್ರೆ ಕತ್ತರಿಸಿ ಕೊಡುವವಳು ನಾನು.
ಯಾವ ಸ್ಟ್ರಿಪ್ ಯಾವ ಖಾನೆಯಲ್ಲಿ,
ಕರೆಂಟು ಹೋದರೂ ಕೈಗೆ ಗೊತ್ತು.
ಕೆಲವನ್ನು ಮಾತ್ರ ಜನ ಮೆಲ್ಲಗೆ ಕೇಳುತ್ತಾರೆ,
ಕಾಂಡೋಮಿಗಿಂತಲೂ ಮೆಲ್ಲಗೆ,
ಚೀಟಿ ಮಡಚಿ, ಹಿಂದೆ ಯಾರಿದ್ದಾರೆಂದು ನೋಡಿ.
ಅಂಥವನ್ನು ಕಾಗದದಲ್ಲಿ ಎರಡು ಸುತ್ತು ಸುತ್ತುತ್ತೇನೆ.

ನನ್ನ ಚೀಟಿ ಬಂದ ದಿನ
ನಾನೇ ಬಿಲ್ಲು ಬರೆದೆ, ನಾನೇ ದುಡ್ಡು ಕೊಟ್ಟೆ,
ಚಿಲ್ಲರೆ ನಾನೇ ಎಣಿಸಿಕೊಂಡೆ.

ದುಃಖವೇ, ಎಂದು ಕೇಳಿದ್ದರು ಅತ್ತಾವರದ ಡಾಕ್ಟರು.
ಅಲ್ಲ. ದುಃಖಕ್ಕೆ ರುಚಿಯಾದರೂ ಇರುತ್ತದೆ.
ಇದು ಉಪ್ಪು ಹಾಕದ ಗಂಜಿ.
ಬೂತಾಯಿ ಹುರಿಯುವ ವಾಸನೆ ಮೂಗಿನವರೆಗೆ ಬಂದು
ತಪ್ಪು ಮನೆಯ ಬಾಗಿಲು ತಟ್ಟಿದವರ ಹಾಗೆ
ಹಿಂದೆ ಹೋಗುತ್ತಿತ್ತು.

ಡಾಕ್ಟರ್ ಶಹನಾಜ್ ಪೆನ್ನು ಕೆಳಗಿಟ್ಟು ಹೇಳಿದರು,
ಸೆರೊಟೋನಿನ್ ಬಹುಪಾಲು ತಯಾರಾಗುವುದೇ ಹೊಟ್ಟೆಯಲ್ಲಿ.
ಹಾಗಾದರೆ ದಿನಾ ನಾಲ್ಕು ನೇಂದ್ರ ಬಾಳೆ ತಿಂದರೆ ಸಾಕಲ್ಲ ಅಂದೆ,
ಅಂಗಡಿಯವಳ ಬುದ್ಧಿ.
ತಿನ್ನಿ, ಹಣ್ಣು ಒಳ್ಳೆಯದೇ, ಎಂದು ನಕ್ಕರು,
ಆದರೆ ಹೊಟ್ಟೆಯದು ತಲೆಗೆ ದಾಟುವುದಿಲ್ಲ.
ನಡುವೆ ಒಂದು ಗೇಟಿದೆ, ಪಣಂಬೂರು ಬಂದರಿನ ಹಾಗೆ,
ಪಾಸಿಲ್ಲದೆ ಬಿಡುವುದಿಲ್ಲ.

ಬೆಳಿಗ್ಗೆ ಒಂದು ಮಾತ್ರೆ, ಬರೆದರು.
ಅದರ ಕೆಳಗೆ, ಅದೇ ಶಾಯಿಯಲ್ಲಿ:
ಎಳೆಬಿಸಿಲು. ನಡಿಗೆ. ಹೊತ್ತಿಗೆ ನಿದ್ದೆ.
ಒಬ್ಬರ ಹತ್ತಿರವಾದರೂ ಮಾತು.
ಇವಕ್ಕೆ ಬ್ಯಾಚ್ ನಂಬರಿಲ್ಲ.
ನಮ್ಮಲ್ಲಿ ಸ್ಟಾಕ್ ಇಲ್ಲ.

ಹಾಗೆ ಶುರುವಾಯಿತು ಸುಲ್ತಾನ್ ಬತ್ತೇರಿಯ ಕಡವು,
ಬೆಳಗಿನ ಮೊದಲ ದೋಣಿ.
ಆಚೆ ದಡ ತಣ್ಣೀರುಬಾವಿ, ಗಾಳಿಮರ ದಾಟಿದರೆ ಮರಳು.
ನಮ್ಮ ಕಡಲು ಪಡುವಣದ್ದು, ಬಿಸಿಲು ಬೆನ್ನಿಗೆ.
ನೆರಳು ನನಗಿಂತ ಮೊದಲು ನೀರಿಗಿಳಿಯುತ್ತಿತ್ತು.
ಮೊದಲ ವಾರ ಓಕರಿಕೆ. ಎರಡನೇ ವಾರ ಬಾಯಿ ಒಣ.
ಮೂರನೇ ವಾರ ಏನೂ ಇಲ್ಲ,
ಚಪ್ಪಲಿಯೊಳಗೆ ಮರಳು ಬಿಟ್ಟರೆ.

ದೋಣಿಯ ಲೋಕಯ್ಯ ದಿನಾ ಕೇಳುತ್ತಿದ್ದ, ಎಂಚ ಉಲ್ಲರ್?
ಸೌಖ್ಯ, ಅನ್ನಬೇಕು. ಊರೆಲ್ಲ ಅನ್ನುವುದು ಹಾಗೆಯೇ.
ಒಂದು ದಿನ ಸೌಖ್ಯ ಇಜ್ಜಿ ಅಂದೆ.
ಅವನು ಹಗ್ಗ ಬಿಚ್ಚುವುದನ್ನು ನಿಲ್ಲಿಸಲಿಲ್ಲ.
ಎಲ್ಲೆಲಾ ಬಲೆ, ಅಂದ. ನಾಳೆಯೂ ಬನ್ನಿ.
ತುಳುವಿನಲ್ಲಿ ಬಲೆ ಅಂದರೆ ಬನ್ನಿ,
ಮೀನು ಹಿಡಿಯುವುದೂ ಬಲೆಯೇ.
ಯಾವುದೋ ಒಂದು ಎಳೆಗೆ
ಆವತ್ತು ನಾನು ಸಿಕ್ಕಿರಬೇಕು.

ಆರನೇ ವಾರ
ಬಂಗುಡೆಯ ರೇಟಿಗೆ ಕುಸುಮಕ್ಕನ ಹತ್ತಿರ ಜಗಳಾಡಿದೆ.
ನೂರಕ್ಕೆ ಐದಾ ಮಾರಾಯ್ತಿ, ಇದು ಯಾವ ನ್ಯಾಯ!
ಮನೆಗೆ ಬಂದು ಮೆಣಸು ಹುರಿಯುವಾಗ
ಘಾಟಿಗೆ ಸೀನು ಬಂತು, ಆಮೇಲೆ ಹೊಳೆಯಿತು:
ನನಗೆ ಆರನೇ ಬಂಗುಡೆ ಬೇಕೆನಿಸಿತ್ತು.
ಬೇಕೆನಿಸಿತ್ತು.

ಮೇ ತಿಂಗಳಲ್ಲಿ, ಸರಿಯಾಯಿತಲ್ಲ ಎಂದು
ಯಾರನ್ನೂ ಕೇಳದೆ ಮಾತ್ರೆ ಬಿಟ್ಟೆ.
ಹದಿನಾಲ್ಕು ವರ್ಷದ ಅನುಭವ!
ತಲೆಯೊಳಗೆ ಕೆಟ್ಟ ಟ್ಯೂಬ್‌ಲೈಟ್, ಚಟ್, ಚಟ್.
ಡಾಕ್ಟರು ಬೈದರು. ಸ್ಟಾಪು ಬಂದ ಮೇಲೆ ಇಳಿಯಿರಿ,
ಓಡುವ ಬಸ್ಸಿನಿಂದ ಅಲ್ಲ.

ನಿನ್ನೆ ಒಬ್ಬ ಹುಡುಗ, ಕೊರಳಲ್ಲಿ ಕಾಲೇಜಿನ ಕಾರ್ಡು,
ನಾಲ್ಕು ಮಡಿಕೆಯ ಚೀಟಿ.
ಬೇಗ ಗುಣವಾಗಲೆಂದು ಜೊತೆಗೆ
ಎಲ್ಲೋ ಓದಿದ ಗಿಡಮೂಲಿಕೆಯ ಕ್ಯಾಪ್ಸೂಲನ್ನೂ ಕೇಳಿದ.
ಇದರ ಮೇಲೆ ಅದು ಬೇಡ, ಡಾಕ್ಟರನ್ನು ಕೇಳದೆ ಕೊಡುವುದಿಲ್ಲ ಅಂದೆ.
ಎಂಟುನೂರರ ಡಬ್ಬ.
ಪೈಗಳು ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು.

ಎಷ್ಟು ದಿನ ಹಿಡಿಯುತ್ತದೆ ಆಂಟಿ?
ದಿನ ಅಲ್ಲ, ವಾರಗಳು.
ಕಾಗದಕ್ಕೆ ಹೋದ ಕೈ ಹಿಂದೆ ಬಂತು,
ಶೀತದ ಮಾತ್ರೆಯ ಹಾಗೆ ಹಾಗೆಯೇ ಅಂಗೈಯಲ್ಲಿಟ್ಟೆ.
ಎಲ್ಲೆಲಾ ಬಲೆ, ಅಂದೆ, ಬಾಯಿ ತಪ್ಪಿ.
ಅವನಿಗೆ ತುಳು ಬರುತ್ತದೋ ಇಲ್ಲವೋ.
ಬೈಕಿನ ಸ್ಟ್ಯಾಂಡ್ ತೆಗೆಯುತ್ತ ಒಮ್ಮೆ ತಿರುಗಿ ನೋಡಿದ.
ಹೆಲ್ಮೆಟ್ ಹಾಕಿ, ಬಕಲ್ಲನ್ನೂ ಹಾಕಿಕೊಂಡ.