ಹಗ್ಗದ ಆ ತುದಿ

ನೇತ್ರಾಣಿಯಲ್ಲಿ ನನ್ನನ್ನು ಮೊದಲು ಮುಳುಗಿಸಿದವನು
ಮೀಸೆ ಸರಿಯಾಗಿ ಮೂಡದ ಒಬ್ಬ ಖಾರ್ವಿ ಹುಡುಗ.
ಬೆನ್ನಿನ ಸಿಲಿಂಡರಿನ ಕುತ್ತಿಗೆ ಹಿಡಿದು
ಬೆಕ್ಕು ಮರಿಯನ್ನು ಒಯ್ಯುವ ಹಾಗೆ ಒಯ್ದ.
ಅವನ ಬೆರಳು ತೋರಿದ ಕಡೆ ಮೀನಿತ್ತು.
ತೋರದ ಕಡೆ ಏನಿತ್ತೋ, ನೋಡಲಿಲ್ಲ.
ನನ್ನ ಗಾಳಿ ಎಷ್ಟು ಉಳಿದಿದೆ ಅನ್ನುವುದನ್ನೂ
ಅವನೇ ಓದಿದ.
ದೋಣಿಯಲ್ಲಿ ಎಲ್ಲರೂ ಕೇಳಿದರು, ಹೇಗಿತ್ತು?
ಚೆನ್ನಾಗಿ ತೋರಿಸಿದ, ಅಂದೆ.

ಆಮೇಲೆ ಎರಡು ಬೇಸಿಗೆ ರಜೆ,
ಪಿ.ಟಿ. ಮೇಡಂ ಸಂಬಳದಲ್ಲಿ ಕಟ್ಟಿದ ಒಂದು ಚೀಟಿ,
ಪರೀಕ್ಷೆ, ಕಾರ್ಡು. ಕಾರ್ಡಿನ ಫೋಟೋದಲ್ಲಿ
ನನ್ನ ಕೂದಲು ಇನ್ನೂ ಒದ್ದೆ.
ಕಲಿಸಿದವರು ಮೂರು ಸಲ ಹೇಳಿದ್ದರು:
ಎಷ್ಟೇ ಬರಲಿ, ಒಬ್ಬರೇ ಇಳಿಯಬೇಡಿ.
ಬರೆದುಕೊಂಡೆ. ಕೆಳಗೆ ಗೆರೆಯನ್ನೂ ಎಳೆದೆ.

ಗೊರೂರಿನ ಹಿನ್ನೀರು, ಮಾರ್ಚ್ ಕೊನೆ.
ರಾಯಪ್ಪಣ್ಣನ ಹರಿಗೋಲು,
ತಳಕ್ಕೆ ಗೊಬ್ಬರದ ಚೀಲ, ಅದರ ಮೇಲೆ ಟಾರು.
"ಉಸುರ್ನ ಮೂಟೆ ಕಟ್ಕಂಡು ಹೋಯ್ತೀರಾ ಮೇಡಂ?"
ದನ ಕಟ್ಟುವ ಹಗ್ಗವನ್ನೇ ನನ್ನ ಸೊಂಟಕ್ಕೆ ಬಿಗಿದ.
ಒಂದು ಜಗ್ಗಿದರೆ, ಇದ್ದೀನಿ.
ಎರಡಕ್ಕೆ, ಇನ್ನಷ್ಟು ಬಿಡು.
ಮೂರಕ್ಕೆ, ಎಳಿ.
ಇಷ್ಟೇ ವ್ಯಾಕರಣ.

ಅವ್ವ ಹುಟ್ಟಿದ ಊರಿಗೆ ಈಗ ಹೆಸರಿಲ್ಲ,
ಆಳ ಇದೆ: ಒಂಬತ್ತು ಮೀಟರ್.

ಮೊದಲ ಎರಡು ಮಾರು ಬೆಲ್ಲದ ಪಾನಕ,
ಆಮೇಲೆ ಕಾಫಿ, ಆಮೇಲೆ ಕಾಫಿಯ ಗಸಿ.
ಚಾಚಿದ ಕೈಗೆ ಬೆರಳಿದೆಯೋ ಇಲ್ಲವೋ.
ತೋರಿಸಲು ಇಲ್ಲಿ ಯಾರು ಬಂದರೂ
ಅವರ ಬೆರಳನ್ನೇ ಮೊದಲು ಹುಡುಕಬೇಕು.
ಅಂಗೈ ನೋಡಿತು: ಹೂಳು. ಹೂಳು. ಬೇಲಿಯ ಕಲ್ಲುಕಂಬ.
ಜಾಲಿಯ ಬೊಡ್ಡೆ, ನಲವತ್ತು ವರ್ಷ ನೆನೆದರೂ
ಚುಚ್ಚುವುದನ್ನು ಮರೆತಿಲ್ಲ.
ಆಮೇಲೆ ದುಂಡಗೆ ಒಂದು ಕಲ್ಲಿನ ಅಂಚು,
ಅಂಚಿನಲ್ಲಿ ಸೇದುವ ಹಗ್ಗ ಸವೆಸಿದ ತಗ್ಗುಗಳು.
ಬಾವಿ.
ನೀರಿನ ಅಡಿಯಲ್ಲಿ ನೀರು ತುಂಬಿದ ಬಾವಿ.
ಬಗ್ಗಬೇಡ, ಬೀಳ್ತೀಯ, ಅನ್ನುತ್ತಿದ್ದಳು ಅವ್ವ
ಯಾವ ಬಾವಿ ಕಂಡರೂ.
ಬಗ್ಗಿದೆ. ಆಗಲೇ ಬಿದ್ದಾಗಿತ್ತಲ್ಲ.

ಎರಡು ಜಗ್ಗಿದೆ. ಹಗ್ಗ ಮುಗಿದಿತ್ತು.
ಗಂಟು ಬಿಚ್ಚಿ ಕಲ್ಲುಕಂಬಕ್ಕೆ ಸುತ್ತಿದೆ.

ಸುಳ್ಳು ಹೇಳುವುದಿಲ್ಲ,
ಆ ನಾಲ್ಕು ನಿಮಿಷ ನನ್ನವು.
ಒಳಗಿನ ನೀರು ತಣ್ಣಗೆ, ಬೇರೆಯೇ ನೀರು.
ಕಾಲಿಗೆ ಮೆಟ್ಟಿಲು ಒಂದು, ಎರಡು, ಮೂರು.
ಗಾಳಿಯ ಮುಳ್ಳನ್ನು ಕಣ್ಣಿಗೆ ಒತ್ತಿ ಹಿಡಿದು
ನಾನೇ ಓದಿದೆ.
ಕೊಡವಿಲ್ಲ, ರಾಟೆಯಿಲ್ಲ, ಏನೂ ಸಿಗಲಿಲ್ಲ.
ಹೆಬ್ಬೆರಳಿಗೆ ತೋರುಬೆರಳು ಸೇರಿಸಿ
ಉಂಗುರ ಮಾಡಿ ಹಿಡಿದೆ: ಎಲ್ಲ ಸರಿ ಇದೆ.
ಯಾರಿಗೆ?
ಕತ್ತಲೆಗೆ ಆ ಸನ್ನೆ ಯಾರೂ ಕಲಿಸಿರಲಿಲ್ಲ.

ಮರಳಿ ತಡವಿದಾಗ ಕಂಬವಿತ್ತು.
ಹಗ್ಗವಿರಲಿಲ್ಲ.

ನನ್ನ ಗುಳ್ಳೆಗಳಿಗಿಂತ ನಿಧಾನ, ಕಲಿಸಿದ ಹಾಗೆಯೇ,
ಎದೆ ಮಾತ್ರ ಓಡುತ್ತ, ಮೇಲೆ ಬಂದೆ.
ಹರಿಗೋಲು ಖಾಲಿ, ತನ್ನಷ್ಟಕ್ಕೆ ಸುತ್ತುತ್ತಿತ್ತು.
ಒಳಗೆ ಅವನ ಅಂಗಿ, ಬೀಡಿ ಕಟ್ಟು,
ಸುರುಳಿ ಸುತ್ತದೆ ಬಿದ್ದ ಒದ್ದೆ ಹಗ್ಗ.

ಆಚೆ ನೀರು ಒಡೆಯಿತು.
ಅರವತ್ತರ ಹತ್ತಿರದ ತಲೆ, ಬಾಯಿ ಪೂರಾ ತೆರೆದು;
ಕೊರಳಿನ ಶಿಲುಬೆ ಬೆನ್ನಿಗೆ ಹೋಗಿತ್ತು.
ಎಷ್ಟನೇ ಸಲ ಮುಳುಗಿ ಎದ್ದದ್ದೋ,
ನನ್ನನ್ನು ಕಂಡ, ಕೆಮ್ಮಿದ, ಬೈಯಲು ಉಸಿರು ಸಾಲಲಿಲ್ಲ.
ಹರಿಗೋಲಿನ ಅಂಚಿಗೆ ಜೋತು ಬಿದ್ದು ಕೊನೆಗೆ ಅಂದ,
"ಹಗ್ಗ ಬರಿದೇ ಬಂದ್ರೆ ನಾನು ಏನಂತ ತಿಳ್ಕಳ್ಳಿ?"

ನನ್ನ ಬೆನ್ನ ಮೇಲೆ ಇನ್ನೂ ಅರ್ಧ ಗಾಳಿಯಿತ್ತು.

ದಡದವರೆಗೂ ಮಾತಿಲ್ಲ. ಹುಟ್ಟು ಮಾತ್ರ.
ಬೀಡಿ ಹತ್ತಲಿಲ್ಲ, ಕೈ ಒದ್ದೆ.
"ಬಾವಿ ಸಿಕ್ತಾ?"
"ಸಿಕ್ಕಿತು. ಮೂರು ಮೆಟ್ಟಿಲು."
"ಹನ್ನೊಂದವೆ" ಅಂದ, ನೀರಿನ ಕಡೆ ನೋಡದೆ.
"ಸಣ್ಣವನಿದ್ದಾಗ ಎಣಿಸಿದೀನಿ."
ಆಮೇಲೆ ಹಗ್ಗವನ್ನು ಮೊಣಕೈಗೆ ಸುತ್ತುತ್ತ,
"ಇನ್ನ ಹತ್ತು ಮಾರು ಸೇರಿಸ್ಬೇಕು ಇದುಕ್ಕೆ."