ಷರಾ

ಐವತ್ತು ವರ್ಷದ ಮೇಲೆ ಪತ್ರಿಕೆಯ ಹುಡುಗಿ
ಟೊಲೀಡೊದ ನನ್ನ ಅಡುಗೆಮನೆಗೆ ಬಂದು
ಪೊಲೀಸ್ ಕಡತ ಮೇಜಿನ ಮೇಲೆ ಹರವಿದಳು.
ನನ್ನ ಹೆಸರು ಢಾಳಾಗಿದೆ: ವರ್ನೀಸ್ ಟಿಬ್ಸ್, ಹೊಲಿಗೆಯವಳು.
ಅವನ ಹೆಸರಿಗೆ ಮಾತ್ರ ಕಪ್ಪು ಪಟ್ಟಿ.

ಕೆರೆಯಬೇಡ ಬಿಡು, ಗೊತ್ತು. ಕ್ಲೀಟಸ್.
ಚರ್ಚಿನ ನೆಲಮಾಳಿಗೆಯಲ್ಲಿ ಕುರ್ಚಿ ಜೋಡಿಸುತ್ತಿದ್ದವನು,
ಕೆಟ್ಟ ಹೀಟರಿಗೆ ಒದ್ದು ಜೀವ ಬರಿಸುತ್ತಿದ್ದವನು,
ಬಾಡಿಗೆ ಮುಷ್ಕರಕ್ಕೆ ನಮಗಿಂತ ಮೊದಲು ಕೈ ಎತ್ತಿದವನು.
ತಮ್ಮ ಆರ್ವಿಲ್‌ನ ಪೆಟ್ಟಿಗೆಗೆ
ಎಡಗಡೆ ಹೆಗಲು ಕೊಟ್ಟವನೂ.

"ಸಿಟ್ಟು ಬರಲ್ಲವಾ ನಿಮಗೆ?"
ಪೆನ್ನು ಕಾಯುತ್ತಿದೆ.
ಮೇಯರ್ ಚುನಾವಣೆಯ ವಾರ, ಅವಳಿಗೆ ನಾಳೆಗೇ ಬೇಕು.
ಆಗಿನ ಸಾಹೇಬರ ಮಗ ಈಗ ಕಣದಲ್ಲಿದ್ದಾನಂತೆ.

ಇರು, ಈ ಪುಟ ಮುಗಿಸುತ್ತೇನೆ.
ನಮ್ಮವರು ಯಾರೂ ಏನೂ ಬರೆದಿಡಲಿಲ್ಲ, ಹೆದರಿಕೆ.
ಮಾರ್ಚ್ ಒಂಬತ್ತರ ರಾತ್ರಿ
ಆರ್ವಿಲ್ ಎದ್ದು ನಿಂತು ಆಡಿದ್ದು
ಇಲ್ಲಿದೆ, ಒಂದಕ್ಷರ ಬಿಡದೆ,
ಅವನ ಉಗ್ಗೂ ಸೇರಿ:
"ನಾ, ನಾ, ನಾವು ಹೆದರಲ್ಲ."
ಕೆಳಗೊಂದು ಷರಾ: ಜನ ನಕ್ಕರು.

ನಾನೂ ನಕ್ಕಿದ್ದೆ.
ಈ ಹಾಳೆ ನಾನಿಟ್ಟುಕೊಳ್ಳಲಾ, ಮಗಳೇ?
ಸಿಟ್ಟು ಆಮೇಲೆ.
ಅದೇನು ಓಡಿಹೋಗುತ್ತಾ.